ಎಡಗಡೆಯ ಗುಂಡಿ

"ಅಣ್ಣ, ಇದನ್ನ ಬುಡಸಮೇತ ಕಿತ್ತು ಹಾಕ್ಬೇಕು. ಬೇರೆ ದಾರಿ ಇಲ್ಲ," ಎಂದಳು ಕಂಪ್ಯೂಟರ್ ರಿಪೇರಿಯವಳು.

ಗಡಿಯಾರ ರಿಪೇರಿಯವನು ಕಣ್ಣಿಗೆ ಸಿಕ್ಕಿಸಿಕೊಂಡಿದ್ದ ಭೂತಗನ್ನಡಿಯನ್ನು ಹಣೆಗೆ ಏರಿಸಿದ. ಅಂಗಡಿಯ ಗೋಡೆಯ ಮೇಲೆ ಹತ್ತೊಂಬತ್ತು ಗಡಿಯಾರಗಳು ಹತ್ತೊಂಬತ್ತು ಹೊತ್ತು ತೋರಿಸುತ್ತಿದ್ದವು. ನಂಬಬಹುದಾದದ್ದು ಮೇಜಿನ ಮೇಲಿನದೊಂದೇ. ಅದರಲ್ಲಿ ಮೂರೂ ಇಪ್ಪತ್ತು. ನಾಲ್ಕಕ್ಕೆ ಹೆಂಡತಿಯ ಕರೆ ಬರಬೇಕು. ಸರಕು ಹಡಗಿನಲ್ಲಿ ಅಡುಗೆಯ ಕೆಲಸ ಅವಳದು. ಹಡಗು ಬಂದರು ಮುಟ್ಟಿದ ದಿನ ಮಾತ್ರ ಅವಳ ಮುಖ ಈ ಕಂಪ್ಯೂಟರಿನಲ್ಲಿ ಮೂಡುತ್ತಿತ್ತು. ಹದಿನೆಂಟು ದಿನಗಳ ಹಿಂದೆ, ಕಳೆದ ಬಂದರಿನಲ್ಲಿ, ಅವಳು ಕೇಳಿದ್ದಳು: "ಕರಾರು ಮುಗೀತಾ ಬಂತು. ಬಂದ್ಬಿಡ್ಲಾ, ಇಲ್ಲ ಇನ್ನೆರಡು ವರ್ಷಕ್ಕೆ ಸಹಿ ಹಾಕ್ಲಾ?" ಅವನು ಏನೂ ಆಗದವನಂತೆ "ನಿನ್ನಿಷ್ಟ" ಎಂದಿದ್ದ. "ನನ್ನಿಷ್ಟ ನನಗೆ ಗೊತ್ತು. ನಿಮ್ಮದನ್ನ ಕೇಳ್ತಿರೋದು. ಮುಂದಿನ ಬಂದರಿನಲ್ಲಿ ಇನ್ನೊಂದೇ ಸಲ ಕೇಳ್ತೀನಿ, ಆಮೇಲೆ ಕೇಳಲ್ಲ," ಎಂದು ಅವಳು ಮರೆಯಾಗಿದ್ದಳು. ಅಂದಿನಿಂದ ಅವನು ಒಂದೇ ಒಂದು ಅಕ್ಷರವನ್ನು ರೂಢಿ ಮಾಡಿಕೊಳ್ಳುತ್ತಿದ್ದ. ಗಿರಾಕಿಗಳಿಲ್ಲದಾಗ ಗೋಡೆಯ ಗಡಿಯಾರಗಳ ಎದುರು ನಿಂತು ಮೆಲ್ಲಗೆ ಹೇಳುತ್ತಿದ್ದ: "ಬಾ."

ನಾಲ್ಕು ದಿನದ ಹಿಂದೆ, ಬುಧವಾರ, ಕಂಪ್ಯೂಟರ್ ತನ್ನಷ್ಟಕ್ಕೆ ತಾನೇ ಅಪ್‌ಡೇಟ್ ಆಗಿತ್ತು. ಅಲ್ಲಿಂದ ಒಂದು ಪುಟವೂ ತೆರೆದಿರಲಿಲ್ಲ.

"ಲೈನು ಸರಿಯಿದೆ, ನನ್ನ ಮೊಬೈಲಿಗೆ ಇದೇ ಇಂಟರ್ನೆಟ್ ಚೆನ್ನಾಗಿ ಬರ್ತಿದೆ," ಎಂದಳು ರಿಪೇರಿಯವಳು. "ತಡೀತಿರೋದು ನೀವು ಹೊರಗಿಂದ ತಂದು ಹಾಕ್ಕೊಂಡಿರೋ ಈ ಸೆಕ್ಯುರಿಟಿ ಸಾಫ್ಟ್‌ವೇರ್." ಅವಳು ಒಂದು ಪಟ್ಟಿ ತೆರೆದಳು. ಸಾಲಿಗೆ ಸಾಲು ಕೆಂಪು. "ಇದೇನಣ್ಣ, ನಾಲ್ಕು ದಿನದಲ್ಲಿ ನಲವತ್ತಮೂರು ಸಲ ಬೇಡ ಅಂದಿದೀರಿ?"

"ಹೆಂಡತಿಯೇ ಹೇಳಿ ಹೋಗಿದ್ದು. ಪರದೆ ಮೇಲೆ ಏನು ಕೇಳಿದ್ರೂ ಬಲಗಡೆ ಗುಂಡಿ ಒತ್ತಿ, ಬೇಡ ಅನ್ನಿ ಅಂತ." ಅದಕ್ಕೆ ಕಾರಣವೂ ಇತ್ತು. ಹಿಂದೊಮ್ಮೆ ಬಹುಮಾನ ಬಂದಿದೆ ಎಂಬ ಪತ್ರವನ್ನು ನಂಬಿ, ತೆರೆದು, ಅವನು ಹದಿನೈದು ದಿನ ಕಂಪ್ಯೂಟರನ್ನು ಮಲಗಿಸಿದ್ದ. ಹಡಗು ಹತ್ತುವ ಹಿಂದಿನ ದಿನ ಅವಳು ಈ ಕಾವಲನ್ನು ತಾನೇ ಕೂತು ಹಾಕಿದ್ದಳು.

"ಹೆಂಡತಿ ಮಾತನ್ನ ಇಷ್ಟು ಚಾಚೂ ತಪ್ಪದೆ ಪಾಲಿಸೋ ಗಂಡಸನ್ನ ನಾನು ನೋಡೇ ಇಲ್ಲ," ಎಂದು ರಿಪೇರಿಯವಳು ನಕ್ಕಳು. "ಅಪ್‌ಡೇಟ್ ಆದ್ಮೇಲೆ ಇದಕ್ಕೆ ಮನೆಯವರ, ಅಂದ್ರೆ ಒಳಗಿರೋ ಪ್ರೋಗ್ರಾಮುಗಳ, ಗುರುತೂ ಸಿಕ್ಕಿಲ್ಲ. ಒಬ್ಬೊಬ್ಬರನ್ನೂ ನಿಲ್ಲಿಸಿ, ಬಿಡ್ಲಾ ಅಂತ ನಿಮ್ಮನ್ನ ಕೇಳಿದೆ. ನೀವು ಬೇಡ ಅಂದ್ರಿ. ಇಲ್ನೋಡಿ, ಕಾಲ್ ಮಾಡೋ ಪ್ರೋಗ್ರಾಮನ್ನೂ ಆಚೆ ನೂಕಿದೀರಿ."

"ಈಗ ಹೂಂ ಅಂದ್ರೆ ಆಗಲ್ವಾ?"

"ಅಂದು ನೋಡ್ದೆ. ಹೊಸ ಅಪ್‌ಡೇಟಿಗೂ ಇದಕ್ಕೂ ಎಣ್ಣೆ ಸೀಗೇಕಾಯಿ. ಆಫ್ ಮಾಡಿದ್ರೂ ಹಿಡಿದ ಕತ್ತು ಬಿಡ್ತಿಲ್ಲ."

"ನಿನ್ನ ಮೊಬೈಲಲ್ಲಿ ಅವಳ ಕಾಲ್ ತಗೊಳ್ಳೋಕಾಗುತ್ತಾ ತಂಗಿ?"

"ನಿಮ್ಮ ಖಾತೆ ಪಾಸ್‌ವರ್ಡ್ ಹೇಳಿ."

"ಅದು ಅವಳಿಗೇ ಗೊತ್ತು."

ರಿಪೇರಿಯವಳು ನಿಟ್ಟುಸಿರಿಟ್ಟಳು. ಅವನು ಮೇಜಿನ ಮೇಲಿದ್ದ ಚಿಮಟವನ್ನು ಎತ್ತಿ, ಸುಮ್ಮನೆ ಮತ್ತೆ ಅಲ್ಲೇ ಇಟ್ಟ.

"ಆರು ಗಂಟೆಗೆ ಬರುತ್ತಲ್ಲ, ಅದೂ ಹೋಗುತ್ತಾ?"

"ಯಾವುದು?"

ದಿನಾ ಸಂಜೆ ಆರಕ್ಕೆ ಪರದೆಯ ಮೂಲೆಯಲ್ಲಿ ಹಸಿರು ಚೌಕವೊಂದು ಮೇಲೆದ್ದು 'ಇಂದು ಎಲ್ಲವೂ ಕ್ಷೇಮ' ಎನ್ನುತ್ತಿತ್ತು. ಗಂಟೆ ಹೆಂಡತಿ ಗೊತ್ತುಮಾಡಿದ್ದು, ಮಾತೂ ಅವಳೇ ಆರಿಸಿದ್ದು. ಅವನು "ಸರಿ ಕಣೆ" ಎಂದು ಅಂಗಡಿಯ ಬಾಗಿಲು ಎಳೆಯುತ್ತಿದ್ದ. ಏಳು ತಿಂಗಳಿಂದ ಒಂದು ದಿನವೂ ಅದು ತಪ್ಪಿರಲಿಲ್ಲ. ಇದನ್ನೆಲ್ಲ ಹೇಗೆ ಹೇಳುವುದೆಂದು ತಿಳಿಯದೆ, "ಒಂದು ಹಸಿರು ಚೌಕ," ಎಂದಷ್ಟೇ ಹೇಳಿದ.

"ಹೋಗುತ್ತಣ್ಣ. ಕಂಪ್ಯೂಟರಿಗೆ ಅದರದ್ದೇ ಕಾವಲು ಇದೆ, ಅಷ್ಟು ಸಾಕು. ಅದು ಹೀಗೆಲ್ಲ ಮಾತಾಡಿಸಲ್ಲ, ಅಷ್ಟೇ."

ಮೂರೂ ಮೂವತ್ತೈದು.

"ತೆಗಿ," ಎಂದ.

ಪರದೆಯ ಮೇಲೆ ನೀಲಿ ಪಟ್ಟಿ ಆಮೆಯ ಹಾಗೆ ತೆವಳಿತು. ಕಂಪ್ಯೂಟರ್ ಆರಿ ಮತ್ತೆ ಹೊತ್ತಿಕೊಂಡಾಗ ನಾಲ್ಕಕ್ಕೆ ಎರಡು ನಿಮಿಷ. ಹವಾಮಾನದ ಪುಟ ತಟ್ಟನೆ ತೆರೆದುಕೊಂಡಿತು. ರಿಪೇರಿಯವಳು ಚೀಲ ಹೆಗಲಿಗೇರಿಸಿ, "ಇನ್ಮೇಲೆ ಏನಾದ್ರೂ ಕೇಳಿದ್ರೆ ಓದಿ ಒತ್ತಿ ಅಣ್ಣ. ಎಲ್ಲದಕ್ಕೂ ಬೇಡ ಅನ್ಬೇಡಿ," ಎಂದು ಹೊರಟುಹೋದಳು.

ನಾಲ್ಕು ದಾಟಿತು. ನಾಲ್ಕೂ ಐದು. ಅವನು ತಲೆ ಬಾಚಿಕೊಂಡ, ಅಂಗಿಯ ಮೇಲಿನ ಗುಂಡಿ ಹಾಕಿಕೊಂಡ, ತೆಗೆದ. ನಾಲ್ಕೂ ಏಳಕ್ಕೆ ಕರೆ ಬಂತು. ಅವಳ ಮುಖ, ಹಿಂದೆ ತುಕ್ಕು ಹಿಡಿದ ಕಬ್ಬಿಣದ ಗೋಡೆ, ಕೆನ್ನೆಯ ಮೇಲೆ ಹಿಟ್ಟಿನ ಕಲೆ.

"ರೀ, ನೀವು ಕಾಣಿಸ್ತಿದೀರಿ. ಮಾತು ಕೇಳಿಸ್ತಿಲ್ಲ."

"ಬಾ," ಎಂದ ಅವನು.

"ಏನೂ ಕೇಳಿಸ್ತಿಲ್ಲ. ಇಲ್ಲಿ ಜನ ಸಾಲು ನಿಂತಿದಾರೆ, ನನಗೆ ಸಿಗೋದು ಎರಡೇ ನಿಮಿಷ. ಹೇಳ್ಬಿಡಿ, ಬರ್ಲಾ?"

"ಬಾ, ಬಾ," ಎಂದು ಗಟ್ಟಿಯಾಗಿ ಕೂಗಿದ. ಬೀದಿಯಲ್ಲಿ ಹೋಗುತ್ತಿದ್ದವರೊಬ್ಬರು ಅಂಗಡಿಯೊಳಕ್ಕೆ ಇಣುಕಿದರು. ಅವಳು ಕಿವಿಯನ್ನು ಪರದೆಗೆ ಹತ್ತಿರ ತಂದು ಕಾಯುತ್ತಿದ್ದಳು.

ಆಗ ಅವನು ಅವಳ ಗಲ್ಲದ ಕೆಳಗೆ ಎದ್ದು ನಿಂತಿದ್ದ ಪುಟ್ಟ ಪೆಟ್ಟಿಗೆಯನ್ನು ನೋಡಿದ. 'ನಿಮ್ಮ ಧ್ವನಿಯನ್ನು ಹೊರಗೆ ಬಿಡಬಹುದೇ?' ಕೆಳಗೆ ಎರಡು ಗುಂಡಿ: ಎಡಕ್ಕೆ 'ಬಿಡಿ', ಬಲಕ್ಕೆ 'ಬೇಡ'. ಏಳು ತಿಂಗಳ ರೂಢಿಯಲ್ಲಿ ಅವನ ಕೈ ಆಗಲೇ ಬಾಣವನ್ನು ಬಲಗಡೆ ಕೊಂಡೊಯ್ದು ನಿಲ್ಲಿಸಿತ್ತು. ಕೂದಲೆಳೆಯಂಥ ಸ್ಪ್ರಿಂಗನ್ನು ಚಿಮಟದಲ್ಲಿ ಎತ್ತುವಾಗ ಹಿಡಿಯುವ ಹಾಗೆ ಉಸಿರು ಬಿಗಿಹಿಡಿದು, ಅವನು ಅದನ್ನು ಎಡಗಡೆಗೆ ಸರಿಸತೊಡಗಿದ.