ಎಕ್ಕದ ಎಲೆಯ ಹುಳು

ಪಕ್ಕದ ಮನೆಯಲ್ಲಿ ಯಾರೋ ಮಂಡಿನೋವಿಗೆ ಹರಳೆಣ್ಣೆ ಸವರಿದ ಎಕ್ಕದ ಎಲೆ ಬಿಸಿಮಾಡುತ್ತಿದ್ದಾರೆ. ಆ ವಾಸನೆಗೆ ಯಲಹಂಕದ ಒಂದು ಮಧ್ಯಾಹ್ನ ನೆನಪಾಗುತ್ತಿದೆ.

ಅಮ್ಮ ಕುವೈತಿಗೆ ಕೆಲಸಕ್ಕೆ ಹೋದ ವರ್ಷ ಅದು. ಅಜ್ಜಿಯ ಮಂಡಿಗೆಂದು ನಾನು ಖಾಲಿ ಸೈಟಿನಿಂದ ಕಿತ್ತು ತಂದ ಎಲೆಯ ಹಿಂಬದಿಗೆ ಪಟ್ಟೆಪಟ್ಟೆಯ ಹುಳುವೊಂದು ಅಂಟಿಕೊಂಡಿತ್ತು.

“ಚಿಟ್ಟೆ ಮರಿ ಕಣೇ. ಎಲ್ಲಿತ್ತೋ ಅಲ್ಲೇ ಬಿಟ್ಟು ಬಾ. ಎಕ್ಕ ಇಲ್ದಿದ್ರೆ ಉಪವಾಸ ಸಾಯತ್ತೆ,” ಎಂದಳು ಅಜ್ಜಿ.

“ಅದರಮ್ಮ ಎಲ್ಲಿ?”

“ಮೊಟ್ಟೆಯಿಟ್ಟು ದೂರ ಹಾರಿಹೋಗಿರ್ತಾಳೆ. ಚಿಟ್ಟೆಗಳು ಹಂಗೇ.”

“ವಾಪಸ್ ಬರ್ತಾಳಾ?”

ಅಜ್ಜಿ ಎಣ್ಣೆಬಟ್ಟಲನ್ನು ಸುಮ್ಮನೆ ಅತ್ತಿತ್ತ ಸರಿಸಿದಳು. “ಬಿಸಿಲು ಜಾಸ್ತಿ ಇದೆ. ತಲೆಗೆ ಟವೆಲ್ ಹಾಕ್ಕೊಂಡು ಹೋಗು.”

ಆ ಎಲೆಯನ್ನು ನನ್ನ ಜಡೆಯ ರಿಬ್ಬನ್ನಿನಿಂದ ಗಿಡಕ್ಕೆ ಕಟ್ಟಿ, ಅಲ್ಲೇ ಕೂತೆ. ಕತ್ತಲಾದಾಗ ಅಜ್ಜಿ ಕುಂಟುತ್ತ ಕರೆಯಲು ಬಂದಳು. ನಾನು ಏಳಲಿಲ್ಲ. ಅವಳೂ ನೆಲಕ್ಕೆ ಕೈಯೂರಿ, ಮೆಲ್ಲಗೆ ನನ್ನ ಪಕ್ಕ ಕೂತಳು.