ಬಟ್ಟೆ ಮುಚ್ಚಿದ ಪೆಟ್ಟಿಗೆ

"ನಾನು ಬರೋವರೆಗೂ ಬಟ್ಟೆ ತೆಗೀಬೇಡಿ," ಎಂದಳು ಹುಡುಗಿ, ಶೂ ಲೇಸು ಕಟ್ಟಿಕೊಳ್ಳುತ್ತಲೇ. "ಬಾತುಮರಿ ಹೊರಗೆ ಬಂದಾಗ ಮೊದಲು ಯಾರನ್ನ ನೋಡುತ್ತೋ ಅವರನ್ನೇ ಅಮ್ಮ ಅಂದ್ಕೊಳ್ಳುತ್ತೆ. ಅದು ನನ್ನನ್ನೇ ನೋಡಬೇಕು."

"ಆಯ್ತು ಕಣಮ್ಮ. ಆ ಕಡೆ ತಲೆ ಸಹ ತಿರುಗಿಸಲ್ಲ. ನೀನು ನೆಟ್ಟಗೆ ಪರೀಕ್ಷೆ ಬರೆದು ಬಾ," ಎಂದಳು ಚಿಕ್ಕಮ್ಮ.

ಮೇಜಿನ ಮೇಲಿದ್ದದ್ದು ಥರ್ಮೋಕೋಲ್ ಪೆಟ್ಟಿಗೆ. ಎಲೆಕ್ಟ್ರಿಷಿಯನ್ ಅಪ್ಪ ಅದಕ್ಕೊಂದು ಬಲ್ಬು, ಅಂಗೈಯಗಲದ ಫ್ಯಾನು, ಮೇಲೊಂದು ಗಾಜು ಜೋಡಿಸಿ ಮಗಳಿಗೆ ಕಾವುಪೆಟ್ಟಿಗೆ ಮಾಡಿಕೊಟ್ಟಿದ್ದ. ಇಟ್ಟ ಮೊಟ್ಟೆಗಳಲ್ಲಿ ಉಳಿದವೆಲ್ಲ ಕೆಟ್ಟುಹೋಗಿ ಒಂದೇ ಒಂದು ನಿಂತಿತ್ತು. ಅದು ಬಿರುಕು ಬಿಡಲು ಪರೀಕ್ಷೆಯ ದಿನವನ್ನೇ ಆರಿಸಿಕೊಂಡಿತ್ತು. ಚಿಕ್ಕಮ್ಮ ಈ ಮನೆಗೆ ಬಂದು ವರ್ಷವಾಗಿದ್ದರೂ ಹುಡುಗಿ ಕೇಳಿದ್ದಕ್ಕಷ್ಟೇ ಉತ್ತರ ಕೊಡುತ್ತಿದ್ದಳು. ಅಮ್ಮ ಇದ್ದ ಜಾಗಕ್ಕೆ ಇನ್ನೊಬ್ಬರು ಬಂದರೆ ಯಾವ ಮಗು ತಾನೇ ಕುಣಿದಾಡುತ್ತದೆ? ಇವತ್ತು ಮೊದಲ ಸಲ ನಂಬಿ ಒಂದು ಕೆಲಸ ಒಪ್ಪಿಸಿದ್ದಳು. ಇದರಲ್ಲಿ ಎಡವಿದರೆ ಇನ್ನೊಂದು ಅವಕಾಶ ಸಿಗುವುದಿಲ್ಲವೆಂದು ಚಿಕ್ಕಮ್ಮನಿಗೆ ಚೆನ್ನಾಗಿ ಗೊತ್ತಿತ್ತು.

ಅವಳು ಹೊಲಿಗೆ ಯಂತ್ರವನ್ನು ಗೋಡೆಯ ಕಡೆಗೆ ತಿರುಗಿಸಿ, ಪೆಟ್ಟಿಗೆಗೆ ಬೆನ್ನು ಮಾಡಿ ಕುಳಿತಳು. ಒಳಗಿನಿಂದ ಸಣ್ಣಗೆ ಕೂಗು ಕೇಳಿಸುತ್ತಿತ್ತು. ದಾರ ಕಡಿದರೆ ದಾರವನ್ನು ಬೈಯುವ, ಕತ್ತರಿ ಕಾಣದಿದ್ದರೆ ಕತ್ತರಿಯನ್ನೇ ಕೂಗಿ ಕರೆಯುವ ಹೆಂಗಸಿಗೆ ಆ ಕೂಗಿಗೆ ಓಗೊಡದೆ ಇರಲು ಹೇಗೆ ಸಾಧ್ಯ? ನೋಡಬೇಡ ಅಂದಿದ್ದಾಳೆ, ಮಾತಾಡಬೇಡ ಅಂದಿಲ್ಲವಲ್ಲ. ಮಧ್ಯಾಹ್ನದ ಹೊತ್ತಿಗೆ ಕೂಗು ನಿಂತಿತು. ಚಿಕ್ಕಮ್ಮ ಧಡಕ್ಕನೆ ಎದ್ದು ಬಂದಳು. ಸತ್ತೇಹೋಯಿತೋ ಏನೋ! ಬಟ್ಟೆಯ ತುದಿಯವರೆಗೂ ಹೋದ ಕೈಯನ್ನು ಹಿಂದಕ್ಕೆ ಎಳೆದುಕೊಂಡು, ಎಷ್ಟೋ ಹೊತ್ತು ಹಾಗೆಯೇ ನಿಂತಿದ್ದಳು. ಕೊನೆಗೆ ಚಿಪ್ಪು ಹೊರಳಿದ ಸದ್ದು, ಅದರ ಹಿಂದೆಯೇ ಜೋರಾದ ಕೂಗು. ಅವಳಿಗೆ ಅಳು ನಗು ಎರಡೂ ಒಟ್ಟಿಗೆ ಬಂದವು.

ಹುಡುಗಿ ಬಂದವಳೇ ಬ್ಯಾಗನ್ನು ಬಿಸಾಡಿ ಪೆಟ್ಟಿಗೆಯ ಹತ್ತಿರ ಓಡಿದಳು. ಚಿಕ್ಕಮ್ಮ ಅಡುಗೆಮನೆಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡಳು. ಬಟ್ಟೆ ಸರಿಯಿತು. ಮರಿ ಕತ್ತೆತ್ತಿ ಹುಡುಗಿಯನ್ನೇ ನೋಡಿತು. ಅವಳು ಅದನ್ನು ಬೊಗಸೆಯಲ್ಲಿ ಎತ್ತಿ ನೆಲಕ್ಕಿಳಿಸಿ, ಎದುರಿಗೇ ಕುಳಿತಳು.

"ಹೇಗಿದೆಯಮ್ಮ? ಕೈಕಾಲು ಸರಿಯಾಗಿವೆಯಾ?" ಅಡುಗೆಮನೆಯಿಂದ ಚಿಕ್ಕಮ್ಮ ಕೇಳಿದಳು.

ಮರಿ ತಟ್ಟನೆ ತಿರುಗಿತು. ಎದ್ದು ಬಿದ್ದು, ಹುಡುಗಿಯ ಮಂಡಿಯನ್ನು ಸುತ್ತುಹಾಕಿ, ಬಾಗಿಲ ಸಂದಿಯಲ್ಲಿ ತೂರಿ ಚಿಕ್ಕಮ್ಮನ ಪಾದದ ಮೇಲೆ ಹತ್ತಿ ಕುಳಿತುಬಿಟ್ಟಿತು. ಬಾಗಿಲು ತಳ್ಳಿದ ಹುಡುಗಿಗೆ ಕಂಡದ್ದು, ಪಾತ್ರೆ ಒರೆಸುವ ಬಟ್ಟೆಯಿಂದ ಮುಖ ಮುಚ್ಚಿಕೊಂಡು ನಿಂತಿದ್ದ ಚಿಕ್ಕಮ್ಮ.

"ನೋಡಿಬಿಟ್ರಾ?"

"ದೇವರಾಣೆ ಇಲ್ಲ ಕಣೇ! ಬೆಳಗ್ಗಿಂದ ಗೋಡೆ ನೋಡಿಕೊಂಡೇ ಕೂತಿದ್ದೀನಿ," ಬಟ್ಟೆಯೊಳಗಿಂದ ದನಿ ಬಂತು.

"ಮತ್ತೆ? ಅದರ ಹತ್ರ ಮಾತಾಡಿದ್ರಾ?"

"ಅದು... ಪಾಪ, ಒಂದೇ ಸಮ ಕೂಗ್ತಾ ಇತ್ತು. ಸುಮ್ಮನಿರೋಕೆ ಆಗಲಿಲ್ಲ."

"ಮೊಟ್ಟೆಯೊಳಗಿದ್ದಾಗಲೇ ಅದಕ್ಕೆ ಕಿವಿ ಕೇಳಿಸುತ್ತೆ!" ಹುಡುಗಿಯ ಕಣ್ಣು ತುಂಬಿತು. "ದನಿ ಗುರುತು ಹಿಡಿದುಬಿಟ್ಟಿದೆ."

ಇಡೀ ದಿನ ಪಟ್ಟ ಪಾಡು ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತು. "ನಂಗೆಲ್ಲಿ ಗೊತ್ತಿತ್ತಮ್ಮ, ತಪ್ಪಾಯ್ತು," ಎಂದಳು ಚಿಕ್ಕಮ್ಮ. ಪಾದ ಅಲುಗಿಸಲೂ ಅವಳಿಗೆ ಭಯ.

ಹುಡುಗಿ ಮೂಗು ಒರೆಸಿಕೊಂಡಳು. "ಏನಂತ ಹೇಳ್ತಿದ್ರಿ ಅದಕ್ಕೆ?"

"ಇನ್ನೇನು ಹೇಳ್ತೀನಿ? ಅಳಬೇಡ, ನಿಮ್ಮಮ್ಮ ಇನ್ನೇನು ಬಂದುಬಿಡ್ತಾಳೆ, ಅಂತ."

ಹುಡುಗಿ ಬಾಗಿಲ ಪಕ್ಕದಲ್ಲೇ ಕುಸಿದು ಕುಳಿತಳು.

"ಆಸ್ಪತ್ರೆಯಲ್ಲಿ ನಂಗೂ ಎಲ್ಲರೂ ಹಾಗೇ ಹೇಳ್ತಿದ್ರು."

ಚಿಕ್ಕಮ್ಮನ ಮುಖದಿಂದ ಬಟ್ಟೆ ಜಾರಿತು. ಜೀವಮಾನದಲ್ಲೇ ಮೊದಲ ಬಾರಿಗೆ ಅವಳಿಗೆ ಮಾತು ಹೊರಡಲಿಲ್ಲ. ಅವಳೂ ನೆಲಕ್ಕೆ ಕುಳಿತಳು. ಆ ದನಿ ಎಲ್ಲಿ ಹೋಯಿತೆಂದು ತಿಳಿಯದೆ, ಪಾದದಿಂದ ಕೆಳಗಿಳಿದ ಮರಿ ಇಬ್ಬರ ನಡುವೆ ಅತ್ತಿತ್ತ ಓಡುತ್ತ ಕೂಗತೊಡಗಿತು.

"ಸುಮ್ಮನಿರಬೇಡ ಚಿಕ್ಕಮ್ಮ," ಎಂದಳು ಹುಡುಗಿ. "ಏನಾದ್ರೂ ಮಾತಾಡು."