ಬಾಬಿನ್ ಅಲೆಕ್‌ನ ಜರ್ಸಿ

ಬಾಗಿಲ ಗಂಟೆ ಹೊಡೆಯುವಷ್ಟರಲ್ಲಿ ಎಲ್ಸಿ ಫ್ಲೆಟ್ ಗಾಜಿನ ಪೆಟ್ಟಿಗೆಯ ಮೇಲೆ ಮೇಜಿನ ಬಟ್ಟೆ ಹೊದಿಸಿ, ಅದರ ಮೇಲೆ ಟೀ ತಟ್ಟೆಯನ್ನೂ ಇಟ್ಟುಬಿಟ್ಟಿದ್ದಳು. ಎಪ್ಪತ್ತೆರಡರ ಜೀವ. ಅಷ್ಟಕ್ಕೇ ಏದುಸಿರು ಬಂತು.

ಪೋರ್ಟ್‌ಕೈರ್ನ್ ಬಂದರಿನ ಹಳೆಯ ಉಪ್ಪಿನ ಗೋದಾಮು ಈಗ ಊರ ಚರಿತ್ರೆಯ ಕೋಣೆ. ನಲವತ್ತು ವರ್ಷದಿಂದ ಎಲ್ಸಿ ಇಲ್ಲಿ ಕೂತು ಊರಿನವರ ವಂಶಾವಳಿ ಬರೆದಿದ್ದಾಳೆ. ಅಂದಾಜಿನ ಮೇಲೆ ಒಂದು ತಾರೀಖನ್ನೂ ಬರೆದವಳಲ್ಲ. ಆದರೆ ಕೆನಡಾದಿಂದ ರಾಸ್ ಕೌಯಿ ಎಂಬ ಮೇಷ್ಟ್ರ ಕಾಗದ ಬಂದಂದಿನಿಂದ ಅವಳಿಗೆ ನೆಟ್ಟಗೆ ನಿದ್ದೆಯಿರಲಿಲ್ಲ. ಆ ಮೇಷ್ಟ್ರು ಈಗ ಎದುರಿಗೇ ಕೂತಿದ್ದ.

"ಸ್ಕಾಟ್ಲೆಂಡಿಗೆ ಇದೇ ಮೊದಲು, ಮಿಸ್ ಫ್ಲೆಟ್. ನಮ್ಮಜ್ಜ ಅಲೆಕ್ ಕೌಯಿ ಇದೇ ಊರಿನವರು. ೧೯೧೧ರ ಕೊನೇಲಿ ನಮ್ಮ ಕಡೆ ಬಂದ್ರು, ನಲವತ್ತೊಂಬತ್ತರಲ್ಲಿ ತೀರಿಕೊಂಡ್ರು. ನಮ್ಮೋರು ಯಾರಾದ್ರೂ ಉಳಿದಿದಾರಾ ಅಂತ ಬಂದೆ."

ಅಜ್ಜನ ಫೋಟೋ ಮುಂದಿಟ್ಟ. ಕಪ್ಪಿನ ಹಿಡಿಯ ಹಾಗೆ ನಿಂತ ಎರಡು ಕಿವಿ. ಅಂಥದೇ ಕಿವಿಗಳನ್ನು ಎಲ್ಸಿ ದಿನಾ ನೋಡುತ್ತಿದ್ದಳು, ಗೆಳತಿ ಜೀನಿಯ ತಲೆಯ ಮೇಲೆ.

"ಇಲ್ಲಿ ಅರ್ಧ ಊರು ಕೌಯಿಗಳು, ಉಳಿದರ್ಧ ಫ್ಲೆಟ್‌ಗಳು. ಬೀದೀಲಿ ಅಲೆಕ್ ಅಂತ ಕೂಗಿದ್ರೆ ಏಳು ಜನ ತಿರುಗಿ ನೋಡ್ತಿದ್ರು," ಅಂದಳು ಎಲ್ಸಿ. "ಅಡ್ಡಹೆಸರು ಗೊತ್ತಾ?"

"ಬಾಬಿನ್ ಅಂತಿದ್ರಂತೆ."

ಎಲ್ಸಿ ಟೀ ಬಗ್ಗಿಸಿದಳು.

ಊರಿನ ಪ್ರಕಾರ ಬಾಬಿನ್ ಅಲೆಕ್ ಸತ್ತದ್ದು ೧೯೧೧ರ ನವೆಂಬರಿನಲ್ಲಿ, ಹೆರಿಂಗ್ ಮೀನಿಗೆ ಹೋದ ದೋಣಿ ಮುಳುಗಿದಾಗ. ಮೊದಮೊದಲು ಬೇರೆ ಮಾತೂ ಇತ್ತು. ದೋಣಿಗೆ ಹೋಗುವಾಗ ಪಾದ್ರಿ ಎದುರಾದರೆ ಅಪಶಕುನವೆಂದು ನಮ್ಮ ಗಂಡಸರು ಹಿಂದಕ್ಕೆ ತಿರುಗುತ್ತಾರೆ. ಅಲೆಕ್‌ಗೂ ಎದುರಾಗಿದ್ದನಂತೆ; ಅಲೆಕ್ ತಿರುಗಿದ್ದು ಮಾತ್ರ ಮನೆಯ ಕಡೆಗಲ್ಲ, ರೈಲಿನ ಕಡೆಗೆ ಎಂದು ಜನ ಆಡಿಕೊಂಡರು. ಅವನ ಹೆಂಡತಿ ಜೆಸ್ಸಿ ಆಗ ತುಂಬು ಬಸುರಿ. ತಲೆಯೆತ್ತಿ ಬೀದಿಗೆ ಬರಲಾರದೆ ಹೋದಳು.

ಮೂರು ವಾರದ ಮೇಲೆ ದಡಕ್ಕೆ ಒಂದೇ ಒಂದು ಹೆಣ ಬಂತು. ಮುಖವಿರಲಿಲ್ಲ, ಮನೆಯಲ್ಲಿ ಹೆಣೆದ ಉಣ್ಣೆಯ ಜರ್ಸಿಯಿತ್ತು. ಹೆಣೆದ ಹೆಂಗಸಿಗೆ ತನ್ನ ಕೈ ಗೊತ್ತಿರುತ್ತದೆ. ಕಡಲಿಗೆ ಹೋದವರನ್ನು ನಮ್ಮಲ್ಲಿ ಗುರುತಿಸುತ್ತಿದ್ದದ್ದೇ ಹಾಗೆ. ಜೆಸ್ಸಿಗೆ ನೋಡಲಾಗಲಿಲ್ಲ. ಜೊತೆಗೆ ಹೋಗಿದ್ದ ಎಲ್ಸಿಯ ತಾಯಿ ಬಗ್ಗಿ ತೋಳು ನೋಡಿದಳು. "ಅಲೆಕ್‌ನೇ. ಜೆಸ್ಸಿ ಹೆಣಿಗೆ ನಂಗೊತ್ತು," ಅಂದಳು. ಊರ ಬಾಯಿಗೆ ಬೀಗ ಬಿತ್ತು. ಎಲ್ಸಿಯ ತಾಯಿ ಮನೆಗೆ ಬಂದು ಮೂರು ದಿನ ಒಲೆ ಹಚ್ಚಲಿಲ್ಲ. ಅವಳ ಗಂಡನೂ ಅದೇ ದೋಣಿಯಲ್ಲಿ ಹೋದವನೇ, ಎಲ್ಸಿ ಆಗ ಮೂರು ತಿಂಗಳ ಕೂಸು.

ಜನವರಿಯಲ್ಲಿ ಜೆಸ್ಸಿಗೆ ಹುಟ್ಟಿದವಳು ಜೀನಿ. ಬರುವ ಭಾನುವಾರ ಬಂದರಿನಲ್ಲಿ ಆ ದೋಣಿಯವರ ಹೆಸರು ಕೆತ್ತಿದ ಕಲ್ಲಿನ ಅನಾವರಣ. ಪರದೆ ಎಳೆಯುವವಳು ಜೀನಿ. ಹೃದಯಕ್ಕೆ ಗುಳಿಗೆ ನುಂಗುತ್ತಾ, ಹೊಸ ಹ್ಯಾಟು ಕೊಂಡು ಕಾಯುತ್ತಿದ್ದಾಳೆ. ಹೊಟ್ಟೆಯಲ್ಲಿದ್ದಾಗಲೇ ಅಪ್ಪ ತನ್ನನ್ನು ಬಿಟ್ಟು ಓಡಿಹೋದ ಎಂದು ಈ ವಯಸ್ಸಿನಲ್ಲಿ ಗೊತ್ತಾದರೆ ಅವಳು ಬದುಕುವುದಿಲ್ಲ.

"ಬಾಬಿನ್ ಅನ್ನೋದು ನಮ್ಮೂರಿನ ಅಡ್ಡಹೆಸರಲ್ಲ," ಅಂದಳು ಎಲ್ಸಿ. "ಆಚೆ ಕೊಲ್ಲಿಯೋರದು. ಅಲ್ಲೊಬ್ಬ ಅಲೆಕ್ ಇದ್ದ, ಮದುವೆಯಾಗಿರ್ಲಿಲ್ಲ, ಹಡಗು ಹತ್ತಿ ಹೋದ. ಅವನ ಕಡೆಯೋರು ಯಾರೂ ಉಳಿದಿಲ್ಲ."

"ಮದುವೆಯಾಗಿರ್ಲಿಲ್ವಾ? ಸದ್ಯ," ಎಂದು ರಾಸ್ ನಕ್ಕ. "ಸಾಯೋವಾಗ ಅಜ್ಜ ಜೆಸ್ಸಿ, ಜೆಸ್ಸಿ ಅಂತ ಕನವರಿಸ್ತಿದ್ರಂತೆ. ಅಜ್ಜಿಗೆ ಕೊನೇವರೆಗೂ ಅದೇ ಕೊರಗು."

"ದೋಣಿ ಹೆಸರಿರಬೇಕು ಬಿಡಿ. ಅರ್ಧ ದೋಣಿಗಳಿಗೆ ಇಲ್ಲಿ ಹೆಂಗಸರ ಹೆಸರೇ."

ಅವನಿಗೆ ಸಮಾಧಾನವಾಯಿತು. ಎಷ್ಟು ಸುಲಭ, ಎಲ್ಸಿಗೆ ತನ್ನ ಮೇಲೇ ಬೇಸರ ಬಂತು. ಕಪ್ಪು ವಾಪಸು ಕೊಡುವಾಗ ಅವನ ಕಣ್ಣು ಅವಳ ಸ್ವೆಟರಿನ ಮೇಲೆ ಬಿತ್ತು.

"ಎಡ ತೋಳಲ್ಲಿ ಒಂದು ಸಾಲು ಉಲ್ಟಾ ಆಗಿದೆಯಲ್ಲ? ನಮ್ಮಮ್ಮನೂ ಹೆಣೀತಾರೆ, ಅದಕ್ಕೆ ಕೇಳಿದೆ."

"ಬೇಕಂತಲೇ ಹಾಕಿದ್ದು. ತಪ್ಪಿಲ್ಲದೆ ಮಾಡೋನು ದೇವರೊಬ್ಬನೇ ಅಂತಿದ್ಲು ನಮ್ಮಮ್ಮ. ಊರಲ್ಲಿ ಬೇರೆ ಯಾರೂ ಹಾಗೆ ಮಾಡ್ತಿರ್ಲಿಲ್ಲ. ನಂಗೂ ಅದೇ ಕೈ ಬಂದಿದೆ. ಹೊರಡಿ, ಎರಡರ ಬಸ್ಸು ತಪ್ಪುತ್ತೆ."

ಅವನು ಹೋದ ಐದು ನಿಮಿಷಕ್ಕೆ ಜೀನಿ ಬಂದಳು, ಹೊಸ ಹ್ಯಾಟು ತಲೆಯ ಮೇಲೇ ಇತ್ತು.

"ಯಾರೇ ಅವನು, ಬಸ್ಸಿಗೆ ಓಡ್ತಿದ್ದೋನು?"

"ಯಾರೋ ಊರು ತಪ್ಪಿ ಬಂದಿದ್ದ."

"ಅದ್ಯಾಕೆ ಪೆಟ್ಟಿಗೆಗೆ ಬಟ್ಟೆ ಹೊದಿಸಿದೀಯ? ನಮ್ಮಪ್ಪನಿಗೆ ಚಳಿಯಂತಾ?" ಜೀನಿ ಟೀ ತಟ್ಟೆ ಎತ್ತಿಟ್ಟು ಬಟ್ಟೆ ಸರಿಸಿದಳು. ಗಾಜಿನಡಿ ನೀಲಿ ಜರ್ಸಿ, ಪಕ್ಕದಲ್ಲಿ ಅಲೆಕ್‌ನ ಹೆಸರಿನ ಚೀಟಿ. ಹೂಳುವ ಮುಂಚೆ ಹೆಣದ ಮೈಯಿಂದ ಬಿಚ್ಚಿದ್ದು; ಜೆಸ್ಸಿ ಸಾಯುವ ತನಕ ಅದನ್ನಿಟ್ಟ ಟ್ರಂಕಿನ ಬೀಗ ತೆಗೆದಿರಲಿಲ್ಲ. ಮೂರು ವರ್ಷದ ಹಿಂದೆ ಜೀನಿಯೇ ತಂದು ಎಲ್ಸಿಯ ಕೈಗೆ ಕೊಟ್ಟಿದ್ದಳು.

"ಭಾನುವಾರ ಪರದೆ ಎಳೆದು ಸೀದಾ ಅಪ್ಪನ ಗೋರಿಗೆ ಹೋಗ್ತೀನಿ. ನೀನೂ ಬಾರೇ," ಅಂದಳು ಜೀನಿ. "ಪಾಪ, ನಿನಗೆ ಕೂತು ಅಳೋಕೆ ಒಂದು ಗೋರಿಯೂ ಇಲ್ಲ. ನಿಮ್ಮಪ್ಪನ್ನ ಮೀನು ತಿಂತು."

ಚಿಕ್ಕಂದಿನಿಂದ ಕೇಳಿದ ಮಾತು. ಎಲ್ಸಿಗೆ ಇವತ್ತು ಕೋಪ ಮಾಡಿಕೊಳ್ಳಲೂ ತ್ರಾಣವಿರಲಿಲ್ಲ.

"ಬರ್ತೀನಿ ಕಣೇ. ಮಾತ್ರೆ ತಗೊಂಡ್ಯಾ?"

ಜೀನಿ ಹೋದ ಮೇಲೆ ಎಲ್ಸಿ ಬಾಗಿಲ ಚಿಲಕ ಹಾಕಿದಳು. ನುಸಿಗುಳಿಗೆ ಬದಲಿಸಲು ಗಾಜು ತೆರೆದಳು.

ಮೂರು ವರ್ಷದ ಹಿಂದೆ ತಾನೇ ಒಳಕ್ಕೆ ಮಡಚಿಟ್ಟಿದ್ದ ಎಡ ತೋಳನ್ನು ಬಿಡಿಸಿ, ಉಲ್ಟಾ ಹೆಣೆದ ಆ ಒಂದು ಸಾಲಿನ ಮೇಲೆ ಹೆಬ್ಬೆರಳು ಆಡಿಸುತ್ತಾ, "ಅವತ್ತು ಅಮ್ಮ ನಿನ್ನನ್ನ ಬಿಟ್ಟುಕೊಟ್ಲು, ಇವತ್ತು ನಾನೂ ಬಿಟ್ಟುಕೊಟ್ಟೆ, ಅಪ್ಪಾ," ಅಂದಳು.